ಮನೆಯ ಐಸ್ ಮೇಕರ್: ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಐಸ್ ಮೇಕರ್ ಬಂದು ಕೂತು ಮೂರು ಬೇಸಿಗೆ ಆಯಿತು. ಮನೆಗೆ ಬಂದವರೆಲ್ಲ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ, ಆಮೇಲೆ ಅದೇ ಪ್ರಶ್ನೆಗಳು ಶುರು. ಕೊಂಡವರು ಫೋನ್ ಮಾಡಿ ಕೇಳುವುದೂ ಅವನ್ನೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನನ್ನ ಮನೆ ಚಿಕ್ಕಮಗಳೂರು ಪೇಟೆಯಲ್ಲಿ, ತವರು ಬಣಕಲ್ ಹತ್ತಿರ, ನಾದಿನಿಯ ಮನೆ ಅರಸೀಕೆರೆಯಲ್ಲಿ. ಮೂರು ಕಡೆಯೂ ಈಗ ಒಂದೊಂದು ಮೆಷಿನ್ ಇದೆ, ಮೂರು ಕಡೆಯ ನೀರೂ ಬೇರೆ ಬೇರೆ. ಈ ಮೆಷಿನ್ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ನೀರೇ ಕಲಿಸಿದ್ದು. ಹಾಗಾಗಿ ಕೆಳಗೆ ನೀರಿನ ಮಾತು ಜಾಸ್ತಿ ಬರುತ್ತದೆ.

ಮನೆಯಲ್ಲಿ ಫ್ರಿಜ್ ಇದೆಯಲ್ಲ, ಇದು ಬೇರೆ ಯಾಕೆ?

ಎಲ್ಲರಿಗೂ ಬೇಕು ಅಂತ ನಾನು ಹೇಳುವುದಿಲ್ಲ. ಇಬ್ಬರೇ ಇರುವ ಮನೆಗೆ ಫ್ರೀಜರ್‌ನ ಎರಡು ಟ್ರೇ ಧಾರಾಳವಾಯಿತು. ಆದರೆ ಟ್ರೇಯಲ್ಲಿ ಇಟ್ಟ ನೀರು ಗಟ್ಟಿಯಾಗಲು ಮೂರು ನಾಲ್ಕು ಗಂಟೆ ಬೇಕು, ಸಿಗುವುದು ಹನ್ನೆರಡೋ ಹದಿನಾಲ್ಕೋ ತುಂಡು. ಏಪ್ರಿಲ್ ರಜೆಯಲ್ಲಿ ಅಕ್ಕನ ಮಕ್ಕಳು, ಮೈದುನನ ಮಕ್ಕಳು ಎಲ್ಲ ಒಟ್ಟಿಗೆ ಸೇರಿದರೆ ಮೊದಲ ಸಲದ ಶರಬತ್ತಿಗೇ ಎರಡೂ ಟ್ರೇ ಖಾಲಿ. ಆಮೇಲೆ ಹತ್ತು ನಿಮಿಷಕ್ಕೊಬ್ಬರು ಫ್ರೀಜರ್ ಬಾಗಿಲು ತೆಗೆದು ಆಯ್ತಾ ಅಂತ ನೋಡುವುದು, ನೋಡಿದಷ್ಟೂ ಇನ್ನೂ ತಡವಾಗುವುದು. ಐಸ್ ಮೇಕರ್ ಹಾಗಲ್ಲ. ಶುರು ಮಾಡಿದ ಆರರಿಂದ ಹತ್ತು ನಿಮಿಷದೊಳಗೆ ಮೊದಲ ಒಂಬತ್ತು ತುಂಡು ಬೀಳುತ್ತದೆ, ನೀರಿರುವವರೆಗೂ ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ಐದಾರು ಜನ ಇದ್ದರೆ, ಅಥವಾ ತೋಟದ ಮನೆಯಲ್ಲಿ ಎರಡು ಮೂರು ರೂಮು ಹೋಂಸ್ಟೇ ಮಾಡಿದ್ದರೆ, ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇದರೊಳಗೆ ಏನು ನಡೆಯುತ್ತದೆ? ಅಷ್ಟು ಬೇಗ ಹೇಗೆ ಐಸ್ ಆಗುತ್ತದೆ?

ಮುಚ್ಚಳದಲ್ಲಿ ಒಂದು ಕಿಟಕಿ ಇರುತ್ತದೆ. ಅಲ್ಲಿಂದ ಒಂದು ಸುತ್ತು ಪೂರ್ತಿ ನೋಡಿಬಿಡಿ, ಮುಂದೆ ಏನು ತೊಂದರೆ ಬಂದರೂ ನಿಮಗೇ ಅರ್ಥವಾಗುತ್ತದೆ. ಒಳಗೆ ಒಂಬತ್ತು ಲೋಹದ ಬೆರಳುಗಳು ಕೆಳಮುಖವಾಗಿ ನಿಂತಿರುತ್ತವೆ, ಹಸುವಿನ ಕೆಚ್ಚಲಿನ ಮೊಲೆಗಳ ಹಾಗೆ. ತಳದ ತೊಟ್ಟಿಯಿಂದ ಒಂದು ಪುಟ್ಟ ಪಂಪು ನೀರೆತ್ತಿ ಚಿಕ್ಕ ತಟ್ಟೆಗೆ ತುಂಬುತ್ತದೆ, ಬೆರಳುಗಳು ಆ ನೀರಿನಲ್ಲಿ ಮುಳುಗಿರುತ್ತವೆ. ಬೆರಳಿನೊಳಗೆ ತಣ್ಣನೆಯ ಗ್ಯಾಸ್ ಹರಿಯುತ್ತದೆ. ಫ್ರಿಜ್‌ನಲ್ಲಿ ಇರುವಂಥದ್ದೇ ಕಂಪ್ರೆಸರ್, ಗಾತ್ರದಲ್ಲಿ ಚಿಕ್ಕದು ಅಷ್ಟೇ. ಫ್ರೀಜರ್‌ನಲ್ಲಿ ಮೊದಲು ಗಾಳಿ ತಣ್ಣಗಾಗಬೇಕು, ಆ ಗಾಳಿ ಟ್ರೇಯನ್ನು ತಣ್ಣಗೆ ಮಾಡಬೇಕು. ಇಲ್ಲಿ ತಣ್ಣನೆಯ ಲೋಹ ನೇರವಾಗಿ ನೀರಿಗೇ ತಾಗುತ್ತದೆ. ಬೇಗ ಆಗುವುದು ಅದಕ್ಕೇ.

ಮೊದಲು ಬೆರಳಿನ ಸುತ್ತ ಗಾಜಿನಂಥ ತೆಳು ಪೊರೆ ಕಾಣುತ್ತದೆ, ಅದು ನಿಮಿಷ ನಿಮಿಷಕ್ಕೂ ದಪ್ಪವಾಗುತ್ತದೆ. ಸಮಯ ಮುಗಿದಾಗ ತಟ್ಟೆ ವಾಲಿ ಉಳಿದ ನೀರು ತೊಟ್ಟಿಗೆ ವಾಪಸ್ ಹೋಗುತ್ತದೆ. ಟಕ್ ಅಂತ ಒಂದು ಸದ್ದು. ಅದು ವಾಲ್ವ್ ತೆರೆದುಕೊಂಡ ಸದ್ದು. ಈಗ ಕಂಪ್ರೆಸರ್‌ನ ಬಿಸಿ ಗ್ಯಾಸ್ ಅದೇ ಬೆರಳುಗಳೊಳಗೆ ಬರುತ್ತದೆ, ಐಸ್ ಒಳಗಡೆಯಿಂದ ಒಂಚೂರು ಕರಗಿ ಜಾರಿ ಪಟಪಟನೆ ಬೀಳುತ್ತದೆ. ಒಂದು ಪ್ಲಾಸ್ಟಿಕ್ ಸಲಿಕೆ ಅದನ್ನು ಬುಟ್ಟಿಗೆ ತಳ್ಳುತ್ತದೆ. ತುಂಡುಗಳಿಗೆ ನಡುವೆ ತೂತು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದು ಬೆರಳಿದ್ದ ಜಾಗ.

ಡಬ್ಬಿಯಿಂದ ತೆಗೆದ ತಕ್ಷಣ ಪ್ಲಗ್ ಹಾಕಬಹುದಾ?

ಬೇಡ. ದಯವಿಟ್ಟು ಬೇಡ. ನಮ್ಮದು ಗಾಡಿಯಲ್ಲಿ ಮಗ್ಗುಲಾಗಿ ಮಲಗಿಕೊಂಡೇ ಬಂದಿತ್ತು, ಡಬ್ಬಿಯ ಮೇಲೆ ಬಾಣದ ಗುರುತು ಇದ್ದರೂ ಯಾರೂ ನೋಡಿರಲಿಲ್ಲ. ನಾವೂ ಖುಷಿಯಲ್ಲಿ ಹಾಗೇ ಹಾಕಿಬಿಟ್ಟೆವು. ಒಂದು ಗಂಟೆ ಗುಂಯ್ ಅಂತು, ಒಂದು ಹನಿಯೂ ಗಟ್ಟಿಯಾಗಲಿಲ್ಲ. ಕಂಪ್ರೆಸರ್ ಒಳಗೆ ಎಣ್ಣೆ ಇರುತ್ತದೆ, ಮಲಗಿಸಿದರೆ ಅದು ಪೈಪುಗಳಿಗೆ ಹರಿದು ಹೋಗುತ್ತದೆ. ಎಣ್ಣೆ ಕೆಳಗಿಳಿಯುವ ಮೊದಲೇ ಓಡಿಸಿದರೆ ಕಂಪ್ರೆಸರ್ ಕೆಟ್ಟೇ ಹೋಗಬಹುದು. ಆಫ್ ಮಾಡಿ ಒಂದು ದಿನ ನೆಟ್ಟಗೆ ನಿಲ್ಲಿಸಿದೆವು, ಮಾರನೇ ದಿನ ಸರಿಯಾಗಿ ಕೆಲಸ ಮಾಡಿತು. ಘಾಟಿ ರಸ್ತೆ ಹತ್ತಿಳಿದು ಬಂದ ಮೆಷಿನ್ ಆದರೆ 24 ಗಂಟೆ ಸುಮ್ನೆ ನಿಲ್ಲಿಸಿಬಿಡಿ. ತವರಿಗೆ ಕಾರಿನಲ್ಲಿ ಒಯ್ಯುವಾಗಲೂ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ ಬೆಲ್ಟ್ ಹಾಕಿಕೊಂಡು ಹೋಗುತ್ತೇವೆ.

ಎಲ್ಲಿ ಇಡಬೇಕು?

ಒಲೆಯಿಂದ ದೂರ, ಬಿಸಿಲು ಬೀಳದ ಕಡೆ, ಸಮತಟ್ಟಾದ ಕಟ್ಟೆಯ ಮೇಲೆ. ಗಾಳಿ ಬಿಡುವ ಜಾಲರಿ ಇರುವ ಕಡೆ ಗೋಡೆಗೆ ಒಂದು ಗೇಣಾದರೂ ಜಾಗ ಬಿಡಿ. ನೀರಿನಿಂದ ತೆಗೆದ ಶಾಖವೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದರೆ ತನ್ನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿ, ಹೊಸ ಫ್ರಿಜ್‌ಗಳ ಹಾಗೆಯೇ, ಆರ್600ಎ ಎಂಬ ಗ್ಯಾಸ್ ಇರುತ್ತದೆ. ಪ್ರಮಾಣ ಕೆಲವೇ ಗ್ರಾಂ, ಆದರೆ ಬೆಂಕಿ ಹಿಡಿಯುವಂಥದ್ದು. ಚಾಕುವಿನಿಂದ ಐಸ್ ಕೆರೆಯಲು ಹೋಗಿ ಪೈಪಿಗೆ ತೂತು ಮಾಡಬೇಡಿ.

ಯಾವ ನೀರು ಹಾಕಬೇಕು?

ಕುಡಿಯಲು ಯಾವ ನೀರು ಕೊಡುತ್ತೀರೋ ಅದೇ. ಅದಕ್ಕಿಂತ ಕಡಿಮೆ ಗುಣಮಟ್ಟದ್ದು ಬೇಡ. ಮೆಷಿನ್ ನೀರನ್ನು ಶುದ್ಧ ಮಾಡುವುದಿಲ್ಲ. ಕೆಲವು ಮೆಷಿನ್‌ಗಳಲ್ಲಿ ಚಿಕ್ಕ ಜಾಲರಿ ಇರುತ್ತದೆ, ಅದು ಕಸ ಪಂಪಿಗೆ ಹೋಗದಿರಲಿ ಅಂತ ಇರುವುದು, ರೋಗಾಣು ತಡೆಯಲು ಅಲ್ಲ. ಐಸ್ ಆದರೆ ರೋಗಾಣು ಸಾಯುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಸಾಯುವುದಿಲ್ಲ. ಬಹಳಷ್ಟು ಸುಮ್ಮನೆ ಮಲಗಿರುತ್ತವೆ, ಐಸ್ ನಿಮ್ಮ ಲೋಟದಲ್ಲಿ ಕರಗಿದಾಗ ಮತ್ತೆ ಏಳುತ್ತವೆ. ಹೊರಗೆ ಜ್ಯೂಸ್ ಕುಡಿಯುವಾಗ ನೀರು ಬೇಡ ಅನ್ನುವವರು ಐಸ್ ಹಾಕಿಸಿಕೊಳ್ಳುತ್ತಾರೆ. ಐಸ್ ಕೂಡ ನೀರೇ ಅಲ್ವಾ?

ಇನ್ನು ಗಡಸು ನೀರಿನ ಮಾತು. ಅರಸೀಕೆರೆಯ ನಾದಿನಿ ಮೊದಲ ಬೇಸಿಗೆ ಪೂರ್ತಿ ಬೋರ್‌ವೆಲ್ ನೀರು ಹಾಕಿದಳು. ಎರಡೇ ತಿಂಗಳಿಗೆ ಬೆರಳುಗಳ ಮೇಲೆ ಬಿಳಿ ಸುಣ್ಣದಂಥ ಪೊರೆ ಕಟ್ಟಿತು. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು, ಬಿಸಿನೀರಿನ ಹಂಡೆಯ ತಳದಲ್ಲಿ ಕೂರುತ್ತದಲ್ಲ, ಅದೇ. ಪೊರೆ ಕೂತ ಮೇಲೆ ಐಸ್ ಬೆರಳನ್ನು ಬಿಟ್ಟು ಜಾರುವುದಿಲ್ಲ, ಅರ್ಧ ಬೀಳುತ್ತದೆ, ಅರ್ಧ ಅಲ್ಲೇ ಕಚ್ಚಿಕೊಂಡಿರುತ್ತದೆ. ಮುಂದಿನ ಸುತ್ತಿನಲ್ಲಿ ಅದರ ಮೇಲೆ ಇನ್ನೊಂದು ಪದರ ಬೆಳೆದು ಸಲಿಕೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಅವಳ ಮೆಷಿನ್ ಹಾಗೇ ನಿಂತುಹೋಗಿತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಹೇಳುವುದು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಒಟ್ಟು ಕರಗಿದ ಲವಣ, ಅಂದರೆ ಫಿಲ್ಟರ್ ಅಂಗಡಿಯವರು ಟಿಡಿಎಸ್ ಅನ್ನುವುದು, 500ರೊಳಗೆ ಇರಬೇಕು. ಅರಸೀಕೆರೆ, ಕಡೂರು ಕಡೆ ಬೋರ್ ನೀರು ಕುಡಿಯುವವರು ಮೊದಲು ಇದನ್ನು ಅಳೆಸಿ ನೋಡಿ. ಜಾಸ್ತಿ ಇದ್ದರೆ ಲವಣ ತೆಗೆಯುವ ಆರ್‌ಒ ಫಿಲ್ಟರ್‌ನ ನೀರೇ ಹಾಕಿ. ಮನೆಯಲ್ಲಿ ಆರ್‌ಒ ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ ನೀರು ಸಾಕು. ನಾದಿನಿ ಈಗ ಅದನ್ನೇ ಹಾಕುತ್ತಾಳೆ.

ನಮ್ಮದು ಗುಡ್ಡದ ಅಬ್ಬಿ ನೀರು, ಸಿಹಿಯಾಗಿದೆ. ಹಾಗೇ ಹಾಕಬಹುದಲ್ವಾ?

ತವರಿನಲ್ಲಿ ಅಮ್ಮ ಕೇಳಿದ್ದೂ ಇದನ್ನೇ. ಅಬ್ಬಿ ನೀರು, ಅಂದರೆ ಗುಡ್ಡದ ಝರಿಯಿಂದ ಇಳಿಯುವ ನೀರು, ಮೆತ್ತಗಿನ ನೀರು, ಪೊರೆ ಕಟ್ಟುವುದಿಲ್ಲ, ಆ ಮಟ್ಟಿಗೆ ಮೆಷಿನ್‌ಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಆದರೆ ಮೇಲೆ ಕಾಡಿನಲ್ಲಿ ಏನು ಬಿದ್ದಿದೆ, ದನ ಎಲ್ಲಿ ಇಳಿದಿದೆ, ತೋಟಕ್ಕೆ ಏನು ಹೊಡೆದಿದ್ದಾರೆ ಅಂತ ನಮಗೆ ಕಾಣುವುದಿಲ್ಲ. ಕಾಫಿ ಹೂ ಬಿಡಿಸುವ ಬೇಸಿಗೆಯ ಹೂ ಮಳೆ ಬಿದ್ದ ಮಾರನೇ ದಿನ ಪೈಪಿನಲ್ಲಿ ಬರುವ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಮಳ ಮಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿ. ಎತ್ತರದ ಜಾಗದಲ್ಲಿ ನೀರು ಸ್ವಲ್ಪ ಕಡಿಮೆ ಬಿಸಿಗೇ ಕುದಿಯುತ್ತದೆ ನಿಜ, ಆದರೆ 2,000 ಮೀಟರ್‌ವರೆಗೆ ಒಂದು ನಿಮಿಷ ಸಾಕು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಕುದಿಸಿದರೆ ರೋಗಾಣು ಹೋಗುತ್ತದೆ, ತೋಟಕ್ಕೆ ಹೊಡೆದ ಔಷಧಿಯ ಅಂಶ ಹೋಗುವುದಿಲ್ಲ. ತೋಟದ ಕೆಳಗಿನಿಂದ ಬರುವ ನೀರಾದರೆ ಸಿಂಪಡಣೆ ನಡೆಯುವ ದಿನಗಳಲ್ಲಿ ಅದನ್ನು ಕುಡಿಯಲೂ ಬೇಡಿ, ಐಸಿಗೂ ಬೇಡಿ.

ಹಾಲು, ಜ್ಯೂಸ್, ಎಳನೀರು ಹಾಕಿ ಐಸ್ ಮಾಡಬಹುದಾ?

ಇಲ್ಲ. ಬರೀ ನೀರು. ಸಕ್ಕರೆ, ಹಾಲು ಪಂಪಿನೊಳಗೆ ಹೋದರೆ ತೊಳೆಯಲು ಆಗುವುದಿಲ್ಲ, ಅಲ್ಲೇ ಹುಳಿಯಾಗುತ್ತದೆ. ಎಳನೀರಿನ ಐಸ್ ಬೇಕಾದರೆ ಫ್ರೀಜರ್ ಟ್ರೇ ಇದೆ. ಬಿಸಿ ನೀರೂ ಬೇಡ.

ಮೊದಲು ಬಿದ್ದ ಐಸ್ ಕಾಗದದಷ್ಟು ತೆಳು. ಮೆಷಿನ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಮೊದಲ ಎರಡು ಮೂರು ಸುತ್ತು ಹಾಗೇ ಬರುತ್ತದೆ. ತೊಟ್ಟಿಯ ನೀರು ಇನ್ನೂ ತಣ್ಣಗಾಗಿರುವುದಿಲ್ಲ. ಪ್ರತಿ ಸುತ್ತಿನ ಉಳಿದ ನೀರು ವಾಪಸ್ ಹೋಗಿ ಹೋಗಿ ತೊಟ್ಟಿ ಪೂರ್ತಿ ತಣ್ಣಗಾಗುತ್ತದೆ, ಆಮೇಲೆ ಐಸ್ ದಪ್ಪವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಟ್ಯಾಂಕಿನ ನೀರೇ ಕಾದಿರುತ್ತದೆ, ಆಗ ಫ್ರಿಜ್‌ನಲ್ಲಿಟ್ಟ ನೀರು ಹಾಕಿದರೆ ಮೊದಲ ಸುತ್ತಿನಿಂದಲೇ ಚೆನ್ನಾಗಿ ಬರುತ್ತದೆ. ನಾನು ಮಾಡುವುದು ಹಾಗೇ. ಡಿಸೆಂಬರ್ ಚಳಿಯಲ್ಲಿ ಇದು ಉಲ್ಟಾ. ತುಂಡುಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡು ಬೀಳುತ್ತವೆ. ಆಗ ಗಾತ್ರದ ಬಟನ್ ಚಿಕ್ಕದಕ್ಕೆ ಇಡಿ.

ಐಸ್ ಒದ್ದೆ ಒದ್ದೆಯಾಗಿದೆ, ಬೇಗ ಕರಗುತ್ತದೆ. ಫ್ರೀಜರ್ ಐಸಿನಷ್ಟು ತಂಪು ಇದರಲ್ಲಿ ಇಲ್ಲವಾ?

ತಂಪು ಬಹುತೇಕ ಅಷ್ಟೇ ಇದೆ. ಒಂದು ಕಿಲೋ ಐಸ್ ಕರಗುವಾಗ ಸುಮಾರು 334 ಕಿಲೋಜೂಲ್ ಶಾಖ ಹೀರುತ್ತದೆ. ಫ್ರೀಜರ್‌ನ ಐಸ್ ಮೈನಸ್ 18 ಡಿಗ್ರಿಯಲ್ಲಿ ಇರುತ್ತದೆ, ಅದು ಸೊನ್ನೆ ಡಿಗ್ರಿಗೆ ಬರುವಾಗ ಇನ್ನೊಂದು 38 ಕಿಲೋಜೂಲ್ ಹೀರುತ್ತದೆ. ವ್ಯತ್ಯಾಸ ಅಷ್ಟೇ, ನೂರಕ್ಕೆ ಹತ್ತು ಹನ್ನೊಂದು. ಪಾನೀಯವನ್ನು ತಣ್ಣಗೆ ಮಾಡುವುದು ಕರಗುವ ಕ್ರಿಯೆಯೇ. ಆದರೆ ಈ ತುಂಡುಗಳಿಗೆ ನಡುವೆ ತೂತು ಇರುವುದರಿಂದ ಒಳಗೂ ಹೊರಗೂ ನೀರು ತಾಗಿ ಬೇಗ ಕರಗುತ್ತವೆ. ಬೇಗ ತಣ್ಣಗಾಗಲಿ ಅನ್ನುವವರಿಗೆ ಇದು ಒಳ್ಳೆಯದು, ನಿಧಾನವಾಗಿ ಒಂದು ಗಂಟೆ ಕೂತು ಕುಡಿಯುವವರಿಗೆ ಫ್ರೀಜರ್‌ನ ದೊಡ್ಡ ಗಡ್ಡೆಯೇ ಒಳ್ಳೆಯದು.

ಬುಟ್ಟಿಯಲ್ಲೇ ಬಿಟ್ಟರೆ ಬೆಳಗ್ಗೆವರೆಗೆ ಇರುತ್ತದಾ?

ಇರುವುದಿಲ್ಲ. ಇದು ಐಸ್ ಮಾಡುವ ಮೆಷಿನ್, ಐಸ್ ಇಡುವ ಮೆಷಿನ್ ಅಲ್ಲ. ಕೊಳ್ಳುವ ಮುಂಚೆ ಈ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಬುಟ್ಟಿಗೆ ತಂಪು ಕೊಡುವ ಏರ್ಪಾಡೇ ಇಲ್ಲ. ಐಸ್ ಕರಗಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಅದೇ ನೀರು ಮತ್ತೆ ಐಸ್ ಆಗುತ್ತದೆ. ಉಳಿಸಬೇಕು ಅಂದರೆ ಫ್ರೀಜರ್‌ಗೆ ಹಾಕಿ. ಹಾಗೇ ಚೀಲಕ್ಕೆ ತುಂಬಿದರೆ ಒದ್ದೆ ಇರುವುದರಿಂದ ಒಂದೇ ಬಂಡೆಯಾಗುತ್ತದೆ, ಆಮೇಲೆ ಲಟ್ಟಣಿಗೆಯಲ್ಲಿ ಕುಟ್ಟಬೇಕು. ಜರಡಿಯಲ್ಲಿ ನೀರು ಸೋರಿಸಿ, ಅಗಲವಾದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಒಂದು ಗಂಟೆ ಫ್ರೀಜರ್‌ನಲ್ಲಿಡಿ, ಒಣಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ.

ಕರೆಂಟ್ ಬಿಲ್ ಜಾಸ್ತಿ ಬರುತ್ತದಾ? ಗೃಹಜ್ಯೋತಿಯ ಉಚಿತ ಕರೆಂಟ್ ತಪ್ಪಿಹೋದರೆ?

ದಿನಕ್ಕೆ 12 ಕಿಲೋ ಅಂತ ಬರೆದಿರುವ ಚಿಕ್ಕ ಮೆಷಿನ್ ಸಾಮಾನ್ಯವಾಗಿ 100ರಿಂದ 150 ವ್ಯಾಟ್ ಎಳೆಯುತ್ತದೆ. 120 ವ್ಯಾಟ್ ಅಂತ ಹಿಡಿಯಿರಿ. ಮೂರು ಗಂಟೆ ಓಡಿಸಿದರೆ 0.36 ಯೂನಿಟ್, ಐಸ್ ಸುಮಾರು ಒಂದೂವರೆ ಕಿಲೋ. ತಿಂಗಳು ಪೂರ್ತಿ ದಿನವೂ ಹೀಗೆ ಓಡಿಸಿದರೂ 11 ಯೂನಿಟ್ ದಾಟುವುದಿಲ್ಲ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಅರವತ್ತೈದು ರೂಪಾಯಿ. ಆ 12 ಕಿಲೋ ಅನ್ನುವುದು 24 ಗಂಟೆ ನಿಲ್ಲಿಸದೆ, ತಂಪು ಕೋಣೆಯಲ್ಲಿ ಓಡಿಸಿದರೆ ಬರುವ ಲೆಕ್ಕ. ಬೇಸಿಗೆಯ ಅಡುಗೆಮನೆಯಲ್ಲಿ ಅದಕ್ಕಿಂತ ಕಡಿಮೆಯೇ ಬರುತ್ತದೆ.

ಗೃಹಜ್ಯೋತಿಯಲ್ಲಿ ಬಹಳಷ್ಟು ಮನೆಗಳಿಗೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿ ಮಿತಿ ಹಾಕಿದ್ದಾರೆ. ಆ ಮಿತಿಗಿಂತ ಜಾಸ್ತಿ ಆದ ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಬೇಕು. ಆದರೆ ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 190ರ ಆಸುಪಾಸಿನಲ್ಲಿ ಇರುವ ಮನೆಯವರು ಬೇಸಿಗೆ ತಿಂಗಳಲ್ಲಿ ಮೀಟರ್ ಮೇಲೆ ಒಂದು ಕಣ್ಣಿಡಿ.

ಕರೆಂಟ್ ಹೋಗಿ ಬಂದು ಮಾಡುತ್ತದೆ. ಏನಾದರೂ ಆಗುತ್ತದಾ? ಇನ್ವರ್ಟರ್ ಮೇಲೆ ಓಡಿಸಬಹುದಾ?

ಹೋದ ಕರೆಂಟ್ ಅರ್ಧ ನಿಮಿಷಕ್ಕೆ ಬಂದರೆ ತಕ್ಷಣ ಓಡಿಸಬೇಡಿ. ಕಂಪ್ರೆಸರ್ ಒಳಗೆ ಒತ್ತಡ ಇನ್ನೂ ಇಳಿದಿರುವುದಿಲ್ಲ, ಆ ಒತ್ತಡದ ಎದುರು ಶುರುವಾಗಲು ಒದ್ದಾಡುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟು ಆನ್ ಮಾಡಿ. ವೋಲ್ಟೇಜ್ ಏರುಪೇರು ಇರುವ ತೋಟದ ಮನೆಗಳಲ್ಲಿ ಫ್ರಿಜ್‌ಗೆ ಹಾಕುವಂಥ ಸ್ಟೆಬಿಲೈಸರ್ ಹಾಕಿದರೆ ಒಳ್ಳೆಯದು. ಇನ್ವರ್ಟರ್ ಸೈನ್ ವೇವ್ ಆಗಿದ್ದರೆ ಓಡುತ್ತದೆ, ಹಳೆಯ ಸ್ಕ್ವೇರ್ ವೇವ್ ಆದರೆ ಕಂಪ್ರೆಸರ್ ಗುರ್ ಅನ್ನುತ್ತದೆ, ಬಿಸಿಯಾಗುತ್ತದೆ. ನಾನಂತೂ ಇನ್ವರ್ಟರ್ ಮೇಲೆ ಓಡಿಸುವುದಿಲ್ಲ, ಬ್ಯಾಟರಿ ರಾತ್ರಿಯ ದೀಪಕ್ಕೆ ಇರಲಿ. ಏಪ್ರಿಲ್ ಸಂಜೆ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ. ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್ ಇರುವ ಪಾಯಿಂಟ್ ಬೇಕೇ ಬೇಕು. ನೀರು, ಕರೆಂಟ್ ಎರಡೂ ಒಂದೇ ಡಬ್ಬಿಯಲ್ಲಿ ಇರುವ ವಸ್ತು ಇದು.

ಇಪ್ಪತ್ತು ಜನ ನೆಂಟರು ಬರುತ್ತಾರೆ. ಸಾಕಾಗುತ್ತದಾ?

ಲೆಕ್ಕ ಹಾಕೋಣ. ಒಂದು ತುಂಡು ಏಳೆಂಟು ಗ್ರಾಂ. ಲೋಟಕ್ಕೆ ಆರು ತುಂಡು ಅಂದರೆ ಇಪ್ಪತ್ತು ಲೋಟಕ್ಕೆ 120. ಗಂಟೆಗೆ ಅರವತ್ತು ಅರವತ್ತೈದು ತುಂಡು ಬರುತ್ತದೆ, ಅಂದರೆ ಎರಡು ಗಂಟೆಯ ಕೆಲಸ. ಬುಟ್ಟಿ ಹಿಡಿಯುವುದು ಸುಮಾರು 600 ಗ್ರಾಂ, ತುಂಬಿದರೆ ಮೆಷಿನ್ ತಾನೇ ನಿಲ್ಲುತ್ತದೆ, ಹಾಗಾಗಿ ನಡುವೆ ಒಮ್ಮೆ ತೆಗೆದು ಥರ್ಮೋಕೋಲ್ ಡಬ್ಬಿಗೆ ಹಾಕಿಡಬೇಕು. ರಾಮನವಮಿಗೆ ಪಾನಕ ಮಾಡಿದಾಗ ನಾನು ಬೆಳಗ್ಗೆ ಆರಕ್ಕೇ ಶುರು ಮಾಡಿದ್ದೆ, ಪೂಜೆ ಮುಗಿಯುವ ಹೊತ್ತಿಗೆ ಬೀದಿಯ ನಾಲ್ಕು ಮನೆಗೆ ಆಗುವಷ್ಟು ಆಗಿತ್ತು. ಗೃಹಪ್ರವೇಶ, ನೂರು ಜನ ಅಂದರೆ ಇದನ್ನು ನಂಬಬೇಡಿ.

ಐಸ್ ಕಾಫಿ ನೀರು ನೀರಾಗುತ್ತದೆ. ಏನು ಮಾಡುವುದು?

ಕಾಫಿ ಬೆಳೆಯುವ ಊರಿನವರು ನೀರು ಕಾಫಿ ಕುಡಿಯಬಾರದು! ತಪ್ಪು ಐಸಿನದ್ದಲ್ಲ, ಆತುರದ್ದು. ಆಗ ತಾನೇ ಇಳಿದ ಬಿಸಿ ಡಿಕಾಕ್ಷನ್ ನೂರು ಎಂಎಲ್ ತಣ್ಣಗಾಗಬೇಕು ಅಂದರೆ ಸುಮಾರು 90 ಗ್ರಾಂ ಐಸ್ ಕರಗುತ್ತದೆ, ಹನ್ನೆರಡು ತುಂಡು. ಕಾಫಿ ಹೆಚ್ಚುಕಡಿಮೆ ಎರಡರಷ್ಟಾಯಿತು, ರುಚಿ ಅರ್ಧವಾಯಿತು. ಅದೇ ಡಿಕಾಕ್ಷನ್ ಆರಿ ಕೋಣೆಯ ತಂಪಿಗೆ ಬಂದ ಮೇಲೆ ಹಾಕಿದರೆ 25 ಗ್ರಾಂ, ಮೂರು ನಾಲ್ಕು ತುಂಡು ಸಾಕು. ರಾತ್ರಿಯೇ ಗಟ್ಟಿ ಡಿಕಾಕ್ಷನ್ ಇಳಿಸಿ, ಬಿಸಿ ಇರುವಾಗಲೇ ಬೆಲ್ಲ ಅಥವಾ ಸಕ್ಕರೆ ಕರಗಿಸಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ತಣ್ಣನೆಯ ಹಾಲು, ಕೊನೆಗೆ ಐಸ್. ತಣ್ಣಗಾದ ಮೇಲೆ ಹಾಕಿದರೆ ಸಕ್ಕರೆ ತಳದಲ್ಲೇ ಕೂರುತ್ತದೆ.

ಕುಡಿಯುವುದಕ್ಕಲ್ಲದೆ ಬೇರೆ ಏನಕ್ಕಾದರೂ ಬರುತ್ತದಾ?

ಅಮ್ಮನಿಗೆ ಈ ಮೆಷಿನ್ ಇಷ್ಟವಾದದ್ದೇ ಬೆಣ್ಣೆಯಿಂದ. ಬೇಸಿಗೆಯಲ್ಲಿ ಮೊಸರು ಕಡೆದರೆ ಬೆಣ್ಣೆ ಮುದ್ದೆಯಾಗುವುದಿಲ್ಲ, ಎಣ್ಣೆಯಂತೆ ತೇಲಿ ಕೈಗೆ ಮೆತ್ತಿಕೊಳ್ಳುತ್ತದೆ, ಅರ್ಧ ಮಜ್ಜಿಗೆಯಲ್ಲೇ ಹೋಗುತ್ತದೆ. ಕಡೆಯುತ್ತ ಕಡೆಯುತ್ತ ಸಣ್ಣ ಸಣ್ಣ ಹರಳು ಕಾಣಿಸಿಕೊಂಡ ಹೊತ್ತಿಗೆ ಎರಡು ಹಿಡಿ ಐಸ್ ಹಾಕಿ, ಮತ್ತೆ ನಾಲ್ಕು ಸಲ ಕಡೆಯಿರಿ. ಕಡಗೋಲಿಗೆ ಬೆಣ್ಣೆ ಗಟ್ಟಿಯಾಗಿ ಸುತ್ತಿಕೊಳ್ಳುತ್ತದೆ, ಬೊಗಸೆಯಲ್ಲಿ ಎತ್ತಿ ಉಂಡೆ ಕಟ್ಟಿದರೆ ನೀರು ಸೋರಿ ನಯವಾಗಿ ನಿಲ್ಲುತ್ತದೆ. ಆ ಐಸ್ ಕರಗಿ ಮಜ್ಜಿಗೆಯಲ್ಲೇ ಸೇರುವುದರಿಂದ ಇಲ್ಲೂ ಕುದಿಸಿದ ನೀರಿನ ಐಸೇ ಬೇಕು.

ಚಾರ್ಮಾಡಿ ಹತ್ತಿ ಬರುವ ಸಮುದ್ರದ ಮೀನು ಮನೆಗೆ ಬಂದ ದಿನ, ಸಂಜೆ ಅಡುಗೆ ಮಾಡುವವರೆಗೆ ಐಸಿನಲ್ಲಿ ಹುದುಗಿಸಿಡಲೂ ಬರುತ್ತದೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ಕರಗಿದ ನೀರು ಕೆಳಗೆ ಸೋರುವ ಹಾಗಿರಲಿ. ಮೀನು ಮುಟ್ಟಿದ ಐಸ್, ಮುಟ್ಟಿದ ಕೈ ಮತ್ತೆ ಬುಟ್ಟಿಗೆ ಬರಬಾರದು. ಕಾಲು ಉಳುಕಿದಾಗ ಬಟ್ಟೆಯಲ್ಲಿ ಸುತ್ತಿ ಇಡಬಹುದು, ಬರೀ ಚರ್ಮಕ್ಕೆ ಇಡಬೇಡಿ. ಇನ್ಸುಲಿನ್ ಇಡಲು ಈ ಬುಟ್ಟಿ ಬಳಸಬೇಡಿ. ಅದು ಹೆಪ್ಪುಗಟ್ಟಿದರೆ ಹಾಳು, ಅದಕ್ಕೆ ಫ್ರಿಜ್ ಇದೆ.

ಬುಟ್ಟಿ ಖಾಲಿ ಇದ್ದರೂ ತುಂಬಿದೆ ಅನ್ನುತ್ತದೆ. ನೀರಿದ್ದರೂ ನೀರು ಹಾಕು ಅನ್ನುತ್ತದೆ.

ಬುಟ್ಟಿ ತುಂಬಿದ್ದನ್ನು ನೋಡುವುದು ಎದುರುಬದುರು ಇರುವ ಎರಡು ಪುಟ್ಟ ಕಣ್ಣುಗಳು. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಐಸ್ ಅಡ್ಡ ಬಂದರೆ ತುಂಬಿತು ಅಂತ ಲೆಕ್ಕ. ಆ ಕಣ್ಣಿನ ಮೇಲೆ ನೀರಿನ ಹನಿ ಕೂತರೂ, ಉಪ್ಪಿನ ಮಸುಕು ಕಟ್ಟಿದರೂ, ಕಿಟಕಿಯ ಬಿಸಿಲು ನೇರ ಬಿದ್ದರೂ ಮೋಸ ಹೋಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಜಾಗ ಬದಲಿಸಿ. ನೀರಿನ ಲೈಟ್ ಸುಮ್ಮನೆ ಉರಿದರೆ ಜಾಲರಿ ಕಟ್ಟಿದೆ ಅಥವಾ ಪಂಪಿನಲ್ಲಿ ಗಾಳಿ ಸಿಕ್ಕಿದೆ. ನೀರು ಪೂರ್ತಿ ಬಸಿದು, ಜಾಲರಿ ತೊಳೆದು, ಮತ್ತೆ ತುಂಬಿ. ಹತ್ತರಲ್ಲಿ ಒಂಬತ್ತು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಸಲಿಕೆ ಸಿಕ್ಕಿಕೊಂಡರೆ ಕೈಯಲ್ಲಿ ಎಳೆಯಬೇಡಿ, ಪ್ಲಗ್ ತೆಗೆದು ಐಸ್ ತಾನಾಗಿ ಕರಗಲು ಬಿಡಿ. ಒಳಗಿನ ಹಲ್ಲಿನ ಚಕ್ರ ಪ್ಲಾಸ್ಟಿಕ್‌ನದ್ದು, ಮುರಿದರೆ ಊರಿನಲ್ಲಿ ಸಿಗುವುದು ಕಷ್ಟ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಯಾವುದರಿಂದ?

ನೀರನ್ನು ದಿನವೂ ಚೆಲ್ಲಿ. ರಾತ್ರಿ ಮಲಗುವ ಮುಂಚೆ ಕೆಳಗಿನ ಬಿರಡೆ ತೆಗೆದು ಬಸಿದುಬಿಡಿ, ಮುಚ್ಚಳ ಸ್ವಲ್ಪ ತೆರೆದಿಡಿ. ನಿಂತ ನೀರಿನಲ್ಲಿ ಎರಡು ಮೂರು ದಿನಕ್ಕೆ ತೊಟ್ಟಿಯ ಮೂಲೆಯಲ್ಲಿ ಬೆರಳಿಟ್ಟರೆ ಲೋಳೆ ಹತ್ತುತ್ತದೆ. ಆ ಲೋಳೆಯ ಮೇಲಿನ ನೀರೇ ಐಸ್ ಆಗಿ ಮಕ್ಕಳ ಲೋಟಕ್ಕೆ ಹೋಗುವುದು. ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ. ವಾರಕ್ಕೊಮ್ಮೆ ಬುಟ್ಟಿ, ಸಲಿಕೆ, ತೊಟ್ಟಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಜಾಲಿಸಿ.

ತಿಂಗಳಿಗೊಮ್ಮೆ, ಗಡಸು ನೀರಾದರೆ ಹದಿನೈದು ದಿನಕ್ಕೊಮ್ಮೆ, ನಿಂಬೆ ಉಪ್ಪು ಹಾಕಿ ತೊಳೆಯಿರಿ. ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ ತೊಟ್ಟಿಗೆ ಹಾಕಿ, ಎರಡು ಮೂರು ಸುತ್ತು ಓಡಿಸಿ, ಹದಿನೈದು ನಿಮಿಷ ಬಿಟ್ಟು ಬಸಿಯಿರಿ. ಆ ಐಸನ್ನು ಸಿಂಕಿಗೆ ಹಾಕಿ. ಆಮೇಲೆ ಬರೀ ನೀರಿನಲ್ಲಿ ಮೂರು ಸಲ. ನಾದಿನಿಯ ಮೆಷಿನ್ ಇದನ್ನೇ ಎರಡು ಸಲ ಮಾಡಿದ ಮೇಲೆ ಮತ್ತೆ ಓಡಿತು. ಸ್ಟೀಲ್ ಸ್ಕ್ರಬ್ಬರ್, ಸಬೀನಾ ಥರದ ಪುಡಿ, ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಬೆರಳುಗಳ ಮೇಲೆ ಹೊಳೆಯುವ ಲೋಹದ ಲೇಪನ ಇರುತ್ತದೆ, ಉಜ್ಜಿದರೆ ಕಿತ್ತುಬರುತ್ತದೆ. ಲೇಪನ ಸಿಪ್ಪೆಯಂತೆ ಎದ್ದು ಐಸಿನಲ್ಲಿ ಚೂರು ಕಾಣಿಸಿದರೆ ಆ ಐಸ್ ತಿನ್ನಬೇಡಿ, ಮೆಷಿನ್ ನಿಲ್ಲಿಸಿ, ಗ್ಯಾರಂಟಿ ಇದ್ದರೆ ವಾಪಸ್ ಕೊಡಿ.

ಐಸ್ ಬೆಳ್ಳಗೆ ಮಸುಕಾಗಿದೆ. ಗಾಜಿನ ಹಾಗೆ ಬರುವುದಿಲ್ಲವಾ?

ಮಸುಕು ನೀರಿನಲ್ಲಿ ಕರಗಿರುವ ಗಾಳಿಯದ್ದು, ಸ್ವಲ್ಪ ಲವಣದ್ದು. ಕುದಿಸಿ ಆರಿಸಿದ ನೀರು ಹಾಕಿದರೆ ಒಂದಿಷ್ಟು ತಿಳಿಯಾಗುತ್ತದೆ. ರುಚಿಗೆ ವ್ಯತ್ಯಾಸವಿಲ್ಲ.

ಮಳೆಗಾಲದಲ್ಲಿ ಏನು ಮಾಡಬೇಕು?

ರೋಹಿಣಿ ಮಳೆ ಹಿಡಿದ ಮೇಲೆ ನಮ್ಮಲ್ಲಿ ಐಸ್ ಕೇಳುವವರಿಲ್ಲ. ಮೃಗಶಿರಾ ಬರುವ ಮೊದಲೇ ನಾನು ಕಟ್ಟಿಡುತ್ತೇನೆ. ಬಣಕಲ್, ಕೊಟ್ಟಿಗೆಹಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಒಳಗೆ ಒಂದು ಚಮಚ ನೀರು ಉಳಿದರೂ ಬೂಷ್ಟು ಬರುವುದು ಗ್ಯಾರಂಟಿ. ನಿಂಬೆ ಉಪ್ಪಿನಲ್ಲಿ ತೊಳೆದು, ಬಿರಡೆ ತೆಗೆದು, ಬಟ್ಟೆಯಲ್ಲಿ ಮೂಲೆ ಮೂಲೆ ಒರೆಸಿ, ಮುಚ್ಚಳ ತೆರೆದು ಎರಡು ದಿನ ಗಾಳಿಗೆ ಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಹಳೆಯ ಕಾಟನ್ ಸೀರೆ ಹೊದಿಸಿ. ನೆಲದ ಮೇಲೂ ಬೇಡ, ಇಲಿ ವೈರು ಕಡಿಯುತ್ತದೆ. ನೆಟ್ಟಗೇ ಇರಲಿ, ಮಲಗಿಸಬೇಡಿ. ಬೂಷ್ಟಿನ ವಾಸನೆ ಬಂದಿದೆಯಾ ಅಂತ ಆಶ್ಲೇಷಾ ಮಳೆಯ ಹೊತ್ತಿಗೆ ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಾನು ಮೆಷಿನ್ ಇಳಿಸುವುದು ಆ ವಾರವೇ. ಮತ್ತೆ ಒಮ್ಮೆ ತೊಳೆದು, ಹೊಸ ನೀರು ತುಂಬಿ, ಮೊದಲ ಮೂರು ಸುತ್ತಿನ ಐಸ್ ಯಾರಿಗೂ ಕೊಡಬೇಡಿ. ಬಕೆಟ್‌ಗೆ ಹಾಕಿಟ್ಟು, ಕರಗಿದ ಮೇಲೆ ದಾಸವಾಳದ ಬುಡಕ್ಕೆ ಹುಯ್ಯಿರಿ.